ಮಾರಿ ಬಂದ ಊರಿನ ಹುಡುಗಿಯರು

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ, ಕಾಂಪೌಂಡ್ ಗೋಡೆಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ಸೀಮೆಸುಣ್ಣ ಇದ್ದವರು ಸೀಮೆಸುಣ್ಣದಲ್ಲಿ ಬರೆದರು, ಇಲ್ಲದವರು ಇದ್ದಿಲಲ್ಲಿ. ಹಬ್ಬಿದ್ದ ಸುದ್ದಿ ಇಷ್ಟು: ಕತ್ತಲಾದ ಮೇಲೆ ಹೆಣ್ಣೊಬ್ಬಳು ಬೀದಿ ಬೀದಿ ಅಲೆಯುತ್ತಾಳೆ, ಬಾಗಿಲು ತಟ್ಟಿ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತಾಳೆ, ಅಮ್ಮನೋ ತಂಗಿಯೋ ಕರೆದರೆಂದು ಚಿಲಕ ತೆಗೆದವರು ಬೆಳಕು ಹರಿಯುವಷ್ಟರಲ್ಲಿ ಇರುವುದಿಲ್ಲ. ಬಾಗಿಲ ಮೇಲಿನದನ್ನು ಓದಿದಳೆಂದರೆ ಹಿಂದಿರುಗಿ ಹೋಗುತ್ತಾಳೆ. ಮರುದಿನ ಬಂದರೆ ಅಲ್ಲಿ ಮತ್ತದೇ ‘ನಾಳೆ ಬಾ’. ಕೆಲವರ ಬಾಯಲ್ಲಿ ಅವಳು ಗಂಡನನ್ನು ಹುಡುಕಿಕೊಂಡು ತಿರುಗುವ ಮದುವಣಗಿತ್ತಿ, ಇನ್ನು ಕೆಲವರಿಗೆ ಬರೀ ದೆವ್ವ.

ಈ ಕಥೆ ಊರು ಬಿಟ್ಟು ದೂರ ಹೋಯಿತು. 2018ರ ‘ಸ್ತ್ರೀ’ ಎಂಬ ಹಿಂದಿ ಸಿನಿಮಾ ಇದನ್ನೇ ಎತ್ತಿಕೊಂಡು ಮಧ್ಯಪ್ರದೇಶದ ಚಂದೇರಿಯಲ್ಲಿ ಇಟ್ಟಿತು. ಅದನ್ನು ಬರೆದವರು ರಾಜ್ ಮತ್ತು ಡಿ.ಕೆ. ಜೋಡಿ. ಇದೇ ಇಬ್ಬರು ಐದು ವರ್ಷ ಮೊದಲು, 2013ರಲ್ಲಿ, ‘ಗೋ ಗೋವಾ ಗಾನ್’ ನಿರ್ದೇಶಿಸಿ ಹಿಂದಿ ಪ್ರೇಕ್ಷಕರಿಗೆ ಜಾಂಬಿಗಳನ್ನು ಪರಿಚಯಿಸಿದ್ದರು. ಜಾಂಬಿ ಸಿನಿಮಾ ಮಾಡಿದವರ ಕಣ್ಣು ಬೆಂಗಳೂರಿನ ಬಾಗಿಲುಗಳ ಮೇಲೆ ಬಿದ್ದದ್ದು ಆಕಸ್ಮಿಕವೇ ಇರಬಹುದು, ಆದರೆ ಆ ಎರಡು ಕಥೆಗಳ ಮೂಳೆ ಒಂದೇ. ಹೊರಗೆ ಸಾವು ನಿಂತಿದೆ. ಅದಕ್ಕೆ ನಮ್ಮವರದೇ ಮುಖ, ನಮ್ಮವರದೇ ದನಿ. ಒಳಗಿರುವವರು ಬಾಗಿಲು ತೆಗೆಯಬೇಕೋ ಬೇಡವೋ ಎಂದು ತೀರ್ಮಾನಿಸಬೇಕು.

ಜಾಂಬಿ ಹುಟ್ಟಿದ್ದು ಹೈಟಿಯಲ್ಲಿ. ಸತ್ತ ಮೇಲೂ ಯಜಮಾನನ ಗದ್ದೆಯಲ್ಲಿ ದುಡಿಯುತ್ತಲೇ ಇರಬೇಕಾದೀತು ಎಂಬ ಗುಲಾಮರ ಭಯದಿಂದ ಅದು ಮೂಡಿತು. 1932ರ ‘ವೈಟ್ ಜಾಂಬಿ’ ಅದನ್ನು ತೆರೆಗೆ ತಂದಿತು. 1968ರಲ್ಲಿ ಜಾರ್ಜ್ ರೊಮೆರೊ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಮಾಡಿದ ಮೇಲೆ ಅದು ಗುಂಪುಗುಂಪಾಗಿ ಮನೆ ಮುತ್ತುವ ಹೆಣವಾಯಿತು, ಕ್ರಮೇಣ ಕಚ್ಚಿದರೆ ಅಂಟುವ ರೋಗವಾಯಿತು. ಕಳೆದ ಹದಿನೈದು ವರ್ಷಗಳಲ್ಲಿ ಆ ಕಥೆಗಳ ನಡುವೆ ಒಬ್ಬ ಹುಡುಗಿ ಬಂದು ನಿಂತಿದ್ದಾಳೆ. 2011ರಲ್ಲಿ ಬಂದ, ಭಾರತೀಯ ಲೇಖಕ ಮೈನಾಕ್ ಧರ್ ಅವರ ‘ಆಲಿಸ್ ಇನ್ ಡೆಡ್‌ಲ್ಯಾಂಡ್’ ಕಾದಂಬರಿಯ ಹದಿನೈದರ ಆಲಿಸ್ ಪಾಳುಬಿದ್ದ ದಿಲ್ಲಿಯ ಸುತ್ತ ಅಲೆಯುತ್ತಾಳೆ. 2013ರ ‘ದಿ ಲಾಸ್ಟ್ ಆಫ್ ಅಸ್’ ಎಂಬ ವಿಡಿಯೊ ಗೇಮ್‌ನ ಎಲ್ಲಿಗೆ ಹದಿನಾಲ್ಕು. 2014ರ ‘ದಿ ಗರ್ಲ್ ವಿತ್ ಆಲ್ ದಿ ಗಿಫ್ಟ್ಸ್’ ಕಾದಂಬರಿಯ ಮೆಲನಿ ಇನ್ನೂ ಚಿಕ್ಕವಳು. ಮೂವರೂ ಧೈರ್ಯವಂತೆಯರು, ಸರಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಮೂವರ ಮೈಯಲ್ಲೂ ಆ ರೋಗವಿದೆ. ಎಲ್ಲಿಯನ್ನು ಕಚ್ಚಿದೆ, ಆದರೂ ಅವಳು ಬದುಕಿದ್ದಾಳೆ. ಮೆಲನಿಯೊಳಗೆ ಸೋಂಕು ಹುಟ್ಟಿನಿಂದಲೇ ಇದೆ. ಆಲಿಸ್ ಕೊನೆಗೆ ಎರಡೂ ಕಡೆಗೆ ಸೇರಿದವಳಾಗುತ್ತಾಳೆ. ಊರನ್ನು ಕೊಲ್ಲುವುದೂ ಉಳಿಸುವುದೂ ಒಂದೇ ಹುಡುಗಿಯ ದೇಹದಲ್ಲಿ ಕೂತಿದೆ.

ಈ ಹುಡುಗಿ ದಕ್ಷಿಣ ಬೆಂಗಳೂರಿಗೆ ಹೊಸಬಳಲ್ಲ. ಜಯನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳು ಎದ್ದಿರುವ ನೆಲದಲ್ಲಿ ಅವಳಿಗೆ ಗುಡಿಗಳಿವೆ, ವರ್ಷಕ್ಕೊಮ್ಮೆ ಆರತಿ ಇದೆ, ಮುನಿಸು ಇದೆ, ಹರಕೆ ಇದೆ.

ಆ ಕಥೆಯನ್ನು 1898ರಿಂದ ಶುರು ಮಾಡಬೇಕು. ಎರಡು ವರ್ಷ ಮೊದಲು ಬೊಂಬಾಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಳಿ ಹಿಡಿದು ದಕ್ಷಿಣಕ್ಕೆ ಇಳಿಯಿತು; 1898ರ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಕಾಳಿನ ಮಂಡಿಗಳಿದ್ದವು, ಮಂಡಿಗಳಲ್ಲಿ ಇಲಿಗಳಿದ್ದವು. ಮೊದಲು ಇಲಿ ಬೀಳುತ್ತಿತ್ತು, ಆಮೇಲೆ ಮನೆಯವರಿಗೆ ಜ್ವರ, ಕಂಕುಳಲ್ಲೋ ತೊಡೆಯ ಸಂದಿನಲ್ಲೋ ಗಡ್ಡೆ. ಕೆಲವೇ ದಿನಗಳಲ್ಲಿ ಮನೆ ಖಾಲಿ.

ಆ ಕಾಲದಲ್ಲಿ ಜನ ರೋಗಕ್ಕೆ ಹೆದರಿದಷ್ಟೇ ರೋಗ ತಡೆಯಲು ಬಂದವರಿಗೂ ಹೆದರಿದರು. ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಪುಣೆಯಲ್ಲಿ ಸೈನಿಕರು ಮನೆಯೊಳಗೆ ನುಗ್ಗಿ ತಪಾಸಣೆ ಮಾಡಿದರು. ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಅದೇ ವರ್ಷ ಜೂನ್ 22ರ ರಾತ್ರಿ ಗುಂಡಿಟ್ಟರು; ಕೆಲವು ದಿನಗಳ ನಂತರ ಅವನು ಸತ್ತ. ಬೊಂಬಾಯಿಯಲ್ಲಿ ಪ್ಲೇಗು ಹೊಕ್ಕ ಮನೆಗಳ ಗೋಡೆಗೆ ಬಣ್ಣದಲ್ಲಿ ಗುರುತು ಹಾಕುತ್ತಿದ್ದರು; ಸತ್ತವರೆಷ್ಟು ಎಂಬುದು ದಾರಿಹೋಕರಿಗೂ ತಿಳಿಯುವಂತಿತ್ತು. ಮೈಸೂರು ಸೀಮೆಯಲ್ಲೂ ಪ್ರತ್ಯೇಕ ಶಿಬಿರಗಳು ಬಂದವು, ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ 1898ರಲ್ಲಿ ಜನ ದಂಗೆಯೆದ್ದರು. ರೋಗಿಯನ್ನು ಎಳೆದೊಯ್ಯುತ್ತಾರೆಂದು, ಹೆಂಗಸರ ಮೈ ಮುಟ್ಟಿ ಗಡ್ಡೆ ಹುಡುಕುತ್ತಾರೆಂದು ಮನೆಮಂದಿ ಬಾಗಿಲು ಭದ್ರ ಮಾಡಿಕೊಂಡು ಕಾಯಿಲೆಯವರನ್ನು ಅಟ್ಟದ ಮೇಲೆ ಬಚ್ಚಿಟ್ಟದ್ದೂ ಉಂಟು. ಹಾಗೆ ಬಚ್ಚಿಟ್ಟವರನ್ನು ದೂರುವುದು ಸುಲಭ. ಆದರೆ ಮಗಳನ್ನು ಪರಗಂಡಸರ ಕೈಗೆ ಒಪ್ಪಿಸಿ ಶಿಬಿರಕ್ಕೆ ಕಳಿಸಿದ ಮೇಲೆ ಅವಳನ್ನು ಮತ್ತೆ ನೋಡುತ್ತೇವೋ ಇಲ್ಲವೋ ಎಂಬ ಭಯ ಸುಳ್ಳಾಗಿರಲಿಲ್ಲ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತ ಈ ಹೊತ್ತಿನಲ್ಲಿ ಊರನ್ನೇ ಹಿಗ್ಗಿಸಲು ಹೊರಟಿತು. ಬಡಗಣಕ್ಕೆ ಮಲ್ಲೇಶ್ವರ, ತೆಂಕಣಕ್ಕೆ ಬಸವನಗುಡಿ ಎಂಬ ಎರಡು ಬಡಾವಣೆಗಳು ಪ್ಲೇಗಿನ ಬೆನ್ನಲ್ಲೇ ರೂಪುಗೊಂಡವು. ಅಗಲವಾದ ನೇರ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಹಿತ್ತಲ ಹಿಂದೆ ಕಕ್ಕಸು ಬಳಿಯುವವರು ಓಡಾಡಲು ಕನ್ಸರ್ವೆನ್ಸಿ ಓಣಿ. ಇಂದು ಬಸವನಗುಡಿಯ ಮರದ ನೆರಳನ್ನು ಹೊಗಳುವವರು ನೆನಪಿಡಬೇಕಾದ ಮಾತು: ಆ ನೆರಳಿಗೆ ಜನರನ್ನು ಅಟ್ಟಿದ್ದು ಇಲಿಯ ಮೇಲಿನ ಚಿಗಟ. ಆ ಓಣಿಗಳಲ್ಲಿ ಮಲ ಹೊತ್ತವರಿಗೆ ಈ ಗಾಳಿ ಬೆಳಕಿನ ಬಡಾವಣೆಯಲ್ಲಿ ಮನೆ ಇರಲಿಲ್ಲ ಎಂಬುದನ್ನೂ ಜೊತೆಗೇ ನೆನಪಿಡಬೇಕು. ತೆಂಕಣ ದಿಕ್ಕಿನ ಬೆಳವಣಿಗೆ ಅಲ್ಲಿಗೇ ನಿಲ್ಲಲಿಲ್ಲ. 1948ರಲ್ಲಿ ಜಯನಗರದ ಶಂಕುಸ್ಥಾಪನೆಯಾಯಿತು. ಆಮೇಲೆ ಯಡಿಯೂರು, ಸಾರಕ್ಕಿ, ಕತ್ರಿಗುಪ್ಪೆ, ಕದಿರೇನಹಳ್ಳಿ ಒಂದೊಂದಾಗಿ ನಗರದೊಳಗೆ ಬಂದವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಕೂಡಿ ಬಿಟಿಎಂ ಆಯಿತು. ಹೊಲ ಹೋಯಿತು, ಕೆರೆ ಎಷ್ಟೋ ಕಡೆ ಹೋಯಿತು. ಹಳ್ಳಿಯ ಹಳೇ ಬೀದಿಗಳಲ್ಲಿ ಗ್ರಾಮದೇವತೆ ಮಾತ್ರ ಕೂತಲ್ಲೇ ಕೂತಿದ್ದಾಳೆ.

ಆ ದೇವತೆಯರಲ್ಲಿ ಒಬ್ಬಳು ನೇರವಾಗಿ ಆ ಜ್ವರದ ಹೆಸರನ್ನೇ ಹೊತ್ತವಳು. ತ್ಯಾಗರಾಜನಗರದಲ್ಲಿ ಪ್ಲೇಗ್ ಮಾರಮ್ಮನ ಗುಡಿ ಇದೆ. ಗುಡಿ ದೊಡ್ಡದಲ್ಲ, ದಾರಿಯಲ್ಲಿ ಹೋಗುವವರಿಗೆ ಅದರ ಹಿನ್ನೆಲೆ ಗೊತ್ತಿರಬೇಕೆಂದೂ ಇಲ್ಲ. ಆದರೆ ಒಂದು ಕಾಯಿಲೆಯನ್ನು ಅದರ ಇಂಗ್ಲಿಷ್ ಹೆಸರಿನ ಸಮೇತ ಅಮ್ಮನನ್ನಾಗಿ ಮಾಡಿಕೊಂಡು, ಅರಿಶಿನ ಕುಂಕುಮ ಇಟ್ಟು, ಕೈಮುಗಿದ ಜನರ ನಡೆಯಲ್ಲಿ ಒಂದು ತರ್ಕವಿದೆ. ರೋಗವನ್ನು ಶತ್ರುವೆಂದು ಹೊಡೆದೋಡಿಸುವ ತಾಕತ್ತು ಅವರಲ್ಲಿರಲಿಲ್ಲ. ಬಂದವಳನ್ನು ಉಪಚರಿಸಿ, ಉಡಿ ತುಂಬಿ, ಸಮಾಧಾನ ಮಾಡಿ, ಗಡಿ ದಾಟಿಸುವುದು ಅವರಿಗೆ ತಿಳಿದಿದ್ದ ದಾರಿ.

ಮಾರಮ್ಮ ಯಾರು ಎಂಬುದಕ್ಕೆ ಕರ್ನಾಟಕದ ಉದ್ದಗಲಕ್ಕೂ ಒಂದು ಕಥೆ ಹೇಳುತ್ತಾರೆ. ಊರೂರಿಗೆ ವಿವರ ಬದಲಾಗುತ್ತದೆ, ತಿರುಳು ಒಂದೇ. ಅವಳು ಬ್ರಾಹ್ಮಣರ ಮನೆಯ ಎಳೆಯ ಹುಡುಗಿ. ಓದುಬರಹ ಬಲ್ಲ, ಬ್ರಾಹ್ಮಣನೆಂದು ಹೇಳಿಕೊಂಡು ಬಂದ ಹುಡುಗನಿಗೆ ಅವಳನ್ನು ಕೊಟ್ಟು ಮದುವೆ ಮಾಡುತ್ತಾರೆ. ಸಂಸಾರ ಸಾಗುತ್ತದೆ, ಮಕ್ಕಳಾಗುತ್ತವೆ. ಒಂದು ದಿನ ಗಂಡನ ತಾಯಿ ಮನೆಗೆ ಬರುತ್ತಾಳೆ. ಸೊಸೆ ಸಿಹಿ ಮಾಡಿ ಬಡಿಸುತ್ತಾಳೆ. ಅತ್ತೆ ತಿನ್ನುತ್ತ ಮಗನ ಕಿವಿಯಲ್ಲಿ, ಇದು ಸುಟ್ಟ ಕೋಣದ ನಾಲಗೆಯ ಹಾಗೇ ಇದೆಯಲ್ಲ ಎನ್ನುತ್ತಾಳೆ. ಆ ಒಂದು ಮಾತು ಸೊಸೆಯ ಕಿವಿಗೂ ಬೀಳುತ್ತದೆ. ಊರಾಚೆಯ ಕೇರಿಯವನು ತನ್ನನ್ನು ವಂಚಿಸಿ ಮದುವೆಯಾದನೆಂದು ತಿಳಿದು ಅವಳು ಮನೆಗೆ ಬೆಂಕಿ ಇಡುತ್ತಾಳೆ, ಗಂಡ ಮಕ್ಕಳನ್ನು ಕೊಲ್ಲುತ್ತಾಳೆ, ಮಾರಿಯಾಗುತ್ತಾಳೆ. ಗಂಡ ಕೋಣವಾಗಿ ಹುಟ್ಟಿ ಅವಳ ಮುಂದೆ ತಲೆ ಕೊಡುತ್ತಾನೆ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ದೇವಿ ಮದುವೆಯಾಗಿ ಗದ್ದುಗೆ ಏರಿ, ಕೊನೆಯ ದಿನ ಚಪ್ಪರ ಉರಿದು ಹೋಗುವಾಗ ನೆನಪಾಗುವುದು ಇದೇ ಕಥೆ.

ಈ ಕಥೆಯನ್ನು ಕಣ್ಣುಮುಚ್ಚಿ ಮೆಚ್ಚುವಂತಿಲ್ಲ. ಜಾತಿ ಮೀರಿದ ಮದುವೆಗೆ ಮೇಲಿನವರು ಪಟ್ಟ ದಿಗಿಲೇ ಇದರ ಬೆನ್ನೆಲುಬು. ಓದು ಕಲಿತ ಹುಡುಗನ ತಪ್ಪು ಓದು ಕಲಿತದ್ದು, ಪ್ರೀತಿಸಿದ್ದು. ಅದಕ್ಕೆ ಪ್ರತಿ ಜಾತ್ರೆಯಲ್ಲೂ ಅವನಿಗೆ ಶಿಕ್ಷೆ. ಅವನ ಕೇರಿಯವರು ಆ ಕೋಣದ ತಲೆ ಹೊತ್ತು ನಡೆಯಬೇಕಾದ ಕಾಲವೂ ಇತ್ತು. ಇದನ್ನು ಒಪ್ಪಿಕೊಂಡ ಮೇಲೂ ಕಥೆಯಲ್ಲಿ ಉಳಿಯುವುದು ಒಂದಿದೆ: ತನ್ನನ್ನು ಕೇಳದೆ ತನ್ನ ಬದುಕನ್ನು ತೀರ್ಮಾನಿಸಿದ ಹಿರಿಯರ ನಡುವಿನಿಂದ ಎದ್ದ ಹುಡುಗಿಯೊಬ್ಬಳ ಸಿಟ್ಟು. ಆ ಸಿಟ್ಟೇ ಸಿಡುಬು, ಆ ಸಿಟ್ಟೇ ಪ್ಲೇಗು. ಊರು ಕಾಪಾಡು ಎಂದು ಕೇಳಿಕೊಳ್ಳುವುದೂ ಅವಳನ್ನೇ.

ಅವಳು ಮನೆಯೊಳಗೆ ಬರುವ ರೀತಿಯನ್ನು ಈಗಿನ ಅಜ್ಜಿಯರಿಗೆ ವಿವರಿಸಬೇಕಿಲ್ಲ. ಮಗುವಿನ ಮೈಮೇಲೆ ನೀರುಗುಳ್ಳೆ ಎದ್ದರೆ ಕಾಯಿಲೆಯೆಂದು ಬಾಯಿಬಿಟ್ಟು ಹೇಳುವುದಿಲ್ಲ, ‘ಅಮ್ಮ ಬಂದಿದ್ದಾಳೆ’ ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ನೆಂಟರಿಗೆ ಅದೇ ಸೂಚನೆ, ಒಳಗೆ ಬರಬಾರದು. ಒಗ್ಗರಣೆಯ ಘಾಟು ಏಳುವುದಿಲ್ಲ, ಎಣ್ಣೆ ಕಾಯುವುದಿಲ್ಲ. ಮೊಸರನ್ನ, ಮಜ್ಜಿಗೆ, ಎಳನೀರು. ಮಲಗಿದ ಮಗುವನ್ನು ಗದರುವಂತಿಲ್ಲ, ಏಕೆಂದರೆ ಆ ಹೊತ್ತಿಗೆ ಮಗುವೇ ಅಮ್ಮ. ಗುಳ್ಳೆ ಒಣಗಿದ ಮೇಲೆ ಬೇವು, ಅರಿಶಿನ ಹಾಕಿದ ನೀರಿನಲ್ಲಿ ಮೀಯಿಸಿ, ಗುಡಿಗೆ ಹೋಗಿ ತಣಿವು ಮಾಡಿ ಬರುತ್ತಾರೆ. ಸೋಂಕು ತಗುಲಿದ ಮೈಯನ್ನು ಹೊರಗೆಸೆಯದೆ ಗದ್ದುಗೆ ಮೇಲೆ ಕೂರಿಸುವ ಕ್ರಮವಿದು. ಬೇವು ರೋಗಾಣುವನ್ನು ಕೊಲ್ಲುತ್ತದೋ ಬಿಡುತ್ತದೋ, ಬಾಗಿಲ ಸೊಪ್ಪು ಮಾತ್ರ ನೆರೆಹೊರೆಯ ಮಕ್ಕಳನ್ನು ದೂರ ಇಟ್ಟಿತು.

ಊರಹಬ್ಬದ ದಿನ ತಂಬಿಟ್ಟಿನ ಆರತಿ ಹೊರಡುತ್ತದೆ. ಹುರಿದ ಅಕ್ಕಿಯನ್ನು ಹಿಟ್ಟು ಮಾಡಿ, ಬೆಲ್ಲದ ಪಾಕದಲ್ಲಿ ಕಲಸಿ, ಗುಡ್ಡೆ ಕಟ್ಟಿ, ನಡುವೆ ಗುಳಿ ತೋಡಿ, ಅದರಲ್ಲಿ ಬತ್ತಿ ಇಟ್ಟು ಹಚ್ಚುತ್ತಾರೆ. ತಟ್ಟೆಯ ಸುತ್ತ ಹೂವಿನ ಗೋಪುರ ಕಟ್ಟುತ್ತಾರೆ. ತಮಟೆಯ ಹಿಂದೆ ಸಾಲಾಗಿ ಆರತಿ ಹೊತ್ತು ನಡೆಯುವವರಲ್ಲಿ ಹೆಂಗಸರ ಜೊತೆ ಹೈಸ್ಕೂಲಿನ ಹುಡುಗಿಯರೂ ಇರುತ್ತಾರೆ. ದೀಪ ಆರದಂತೆ, ಕತ್ತು ಅಲುಗದಂತೆ, ಗಾಳಿ ಬಂದರೆ ಸೆರಗಿನ ಮರೆ ಮಾಡುತ್ತ. ಹಳೇ ಹಳ್ಳಿಯ ಬೀದಿಯಿಂದ ಹೊರಟ ಸಾಲು ಮುಖ್ಯರಸ್ತೆ ದಾಟುವ ತನಕ ಬಿಎಂಟಿಸಿ ಬಸ್ಸು ನಿಂತಿರುತ್ತದೆ.

ಗುಡಿಯ ಹುಡುಗಿಯ ಜೊತೆಗೆ ಅರಮನೆಯ ಹುಡುಗಿಯೊಬ್ಬಳನ್ನೂ ಇಲ್ಲಿ ಕರೆತರಬೇಕು. ಜೆನ್ನರ್ 1796ರಲ್ಲಿ ಗೋಸಿಡುಬಿನ ಕೀವಿನಿಂದ ಸಿಡುಬನ್ನು ತಡೆಯಬಹುದೆಂದು ತೋರಿಸಿದ. ಭಾರತದಲ್ಲಿ ಆ ಲಸಿಕೆ ಮೊದಲು ಹತ್ತಿದ್ದು 1802ರ ಜೂನ್ 14ರಂದು, ಬೊಂಬಾಯಿಯ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಹೆಣ್ಣುಮಗುವಿಗೆ. ಅವಳ ತೋಳಿನ ಗುಳ್ಳೆಯ ರಸದಿಂದ ಇನ್ನಷ್ಟು ಮಕ್ಕಳಿಗೆ, ಆ ಮಕ್ಕಳ ತೋಳಿನಿಂದ ಮುಂದಿನ ಊರಿನ ಮಕ್ಕಳಿಗೆ. ಶೈತ್ಯ ಪೆಟ್ಟಿಗೆ ಇಲ್ಲದ ಕಾಲದಲ್ಲಿ ಮಕ್ಕಳ ಮೈಯೇ ಲಸಿಕೆಯ ಸೀಸೆ. ಒಂದು ಜಾತಿಯವರ ಮೈಯ ರಸ ಇನ್ನೊಂದು ಜಾತಿಯವರ ಮೈಗೆ ಸೇರುತ್ತದಲ್ಲ ಎಂದು ಜನ ಹಿಂಜರಿದರು. ಮಾರಮ್ಮನ ಕಥೆಯಲ್ಲಿದ್ದ ಅದೇ ಮೈಲಿಗೆಯ ಭಯ.

1805ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಹಿಡಿಯಲು ದೇವಜಮ್ಮಣ್ಣಿ ಮೈಸೂರಿಗೆ ಬಂದಳು. ಇಬ್ಬರಿಗೂ ಹನ್ನೆರಡರ ಆಸುಪಾಸು. ಚಿತ್ರಕಾರ ಥಾಮಸ್ ಹಿಕ್ಕಿ ಬರೆದದ್ದೆನ್ನಲಾದ ಆ ಕಾಲದ ಒಂದು ತೈಲಚಿತ್ರದಲ್ಲಿ ಮೈಸೂರು ಅರಮನೆಯ ಮೂವರು ಹೆಂಗಸರಿದ್ದಾರೆ. ಬಲಗಡೆಯ ಎಳೆಯ ರಾಣಿ ದೇವಜಮ್ಮಣ್ಣಿಯೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಅವಳ ಸೀರೆಯ ಸೆರಗು ಸರಿದಿದೆ, ಬೆರಳು ತೋಳಿನ ಕಡೆ ತೋರುತ್ತಿದೆ: ಲಸಿಕೆ ಚುಚ್ಚಿದ ಜಾಗ. ಎಡಗಡೆಯ ರಾಣಿಯ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮ ಬಣ್ಣಗೆಟ್ಟಿದೆ. ಒಣಗಿದ ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೇರಿಸುವ ಹಳೇ ಪದ್ಧತಿಯ ಕಲೆ ಅದು. ನಡುವೆ ನಿಂತವರು ಹಿರಿಯ ರಾಣಿ ಲಕ್ಷ್ಮಮ್ಮಣ್ಣಿ ಎಂಬುದು ಅವರ ಊಹೆ. ಲಸಿಕೆಯ ಪ್ರಚಾರಕ್ಕೆಂದೇ ಈ ಚಿತ್ರ ಬರೆಸಿರಬೇಕು ಎಂಬುದು ಅವರ ವಾದ, ಚಿತ್ರವನ್ನು ನೋಡಿದರೆ ಒಪ್ಪಬೇಕೆನಿಸುತ್ತದೆ. ಅಂತಃಪುರದ ಎಳೆಯ ಸೊಸೆಯನ್ನು ಪರದೇಶಿ ಚಿತ್ರಕಾರನ ಮುಂದೆ ನಿಲ್ಲಿಸಿ, ತೋಳು ತೋರಿಸಲು ಬಿಡುವುದಕ್ಕೆ ಬೇರೆ ಕಾರಣ ಸುಲಭಕ್ಕೆ ಸಿಗುವುದಿಲ್ಲ. ಅವಳಿಗೆ ಅದರಲ್ಲಿ ಆಯ್ಕೆ ಇತ್ತೆ? ದಾಖಲೆಗಳಲ್ಲಿ ಅವಳ ಮಾತಿಲ್ಲ, ತೋಳು ಮಾತ್ರ ಇದೆ.

ಕನ್ನಡದ ಕಾದಂಬರಿಗಳು ಪ್ಲೇಗನ್ನು ಮರೆಯಲಿಲ್ಲ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂತು. ಜ್ವರ ಹೊತ್ತು ಊರಿಗೆ ಮರಳಿದ ನಾರಣಪ್ಪ ಸಾಯುತ್ತಾನೆ. ಅವನ ಹೆಣ ಸುಡುವವರು ಯಾರೆಂಬುದು ತೀರ್ಮಾನವಾಗದೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಇಲಿಗಳು ಬೀಳುತ್ತವೆ, ಹದ್ದುಗಳು ಮಾಡಿನ ಮೇಲೆ ಕೂರುತ್ತವೆ. ಕನ್ನಡದಲ್ಲಿ ಸತ್ತವನೊಬ್ಬ ಬದುಕಿದ್ದವರನ್ನು ಇಷ್ಟು ಕಾಡಿದ ಕಾದಂಬರಿ ಇನ್ನೊಂದಿಲ್ಲ, ಅದೂ ಮಲಗಿದಲ್ಲಿಂದ ಏಳದೆ. ಕೊನೆಗೆ ಆ ಹೆಣಕ್ಕೆ ದಾರಿ ಕಾಣಿಸುವವಳು ಅವನ ಜೊತೆ ಬಾಳುತ್ತಿದ್ದ ಚಂದ್ರಿ. ವಿದ್ವಾಂಸರು ಗ್ರಂಥ ತಿರುವುತ್ತಿರುವಾಗ ಅವಳು ರಾತ್ರಿ ಹೋಗಿ, ಮುಸಲ್ಮಾನನೊಬ್ಬನ ನೆರವು ಪಡೆದು ಸುಡಿಸಿಬಿಡುತ್ತಾಳೆ.

ಎಸ್.ಎಲ್. ಭೈರಪ್ಪ ಪ್ಲೇಗನ್ನು ಕಂಡವರು. ಹಾಸನ ಜಿಲ್ಲೆಯ ಸಂತೇಶಿವರದಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಅದಕ್ಕೆ ಕಳೆದುಕೊಂಡರು. 1970ರ ‘ಗೃಹಭಂಗ’ದಲ್ಲಿ ಆ ನೋವು ಹೆಪ್ಪುಗಟ್ಟಿದೆ. ಇಲಿ ಬಿತ್ತೆಂದರೆ ಊರಿಗೆ ಊರೇ ಮನೆ ಬಿಟ್ಟು ಹೊರಗೆ ಶೆಡ್ಡು ಹಾಕಿಕೊಳ್ಳುತ್ತದೆ. ನಂಜಮ್ಮ ಮುತ್ತುಗದ ಎಲೆ ಹಚ್ಚಿ, ಲೆಕ್ಕ ಬರೆದು, ಕೈಲಾಗದ ಗಂಡನ ಸಂಸಾರ ಎತ್ತಿ ಹಿಡಿದವಳು. ಆಗಷ್ಟೇ ಮದುವೆಯಾದ ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರನ್ನೂ ಪ್ಲೇಗು ಒಯ್ಯುತ್ತದೆ. ಮುಂದೆ ಅವಳೂ ಅದೇ ಕಾಯಿಲೆಗೆ ಬಲಿಯಾಗುತ್ತಾಳೆ. ಪಾರ್ವತಿಗೆ ಆ ವಿಡಿಯೊ ಗೇಮ್‌ನ ಎಲ್ಲಿಯ ಹಾಗೆ ಮೈಯಲ್ಲಿ ತಡೆಯಿರಲಿಲ್ಲ. ಹದಿಹರೆಯದ ಹುಡುಗಿಯರ ಪಾಲಿಗೆ ನಿಜವಾದ ಪ್ಲೇಗು ಹೇಗಿತ್ತೆಂದು ತಿಳಿಯಬೇಕಾದವರು ಆ ಅಧ್ಯಾಯ ಓದಬೇಕು.

1975ರಲ್ಲಿ ಭಾರತದಿಂದ ಸಿಡುಬು ಹೋಯಿತು. ಪ್ಲೇಗು ನಗರದ ನೆನಪಿನಿಂದಲೂ ಹೋಗಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಕರ್ನಾಟಕ ಸರ್ಕಾರ ಮೊದಲು ಕೈಗೆತ್ತಿಕೊಂಡದ್ದು 1897ರ ಅದೇ ಹಳೇ ಕಾಯ್ದೆಯನ್ನು. ಬೇರೆ ದೇಶದಿಂದ ಬಂದವರ ಕೈಮೇಲೆ ಅಳಿಸದ ಶಾಯಿಯ ಮುದ್ರೆ ಬಿತ್ತು, ಮನೆ ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬನಶಂಕರಿ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದವು. ಸುಡುವವರು ಬೇರೆ, ಹತ್ತಿರದವರು ದೂರ ನಿಂತು ನೋಡುವವರು. ಅತ್ತ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮನ ಮೂರ್ತಿ ಇಟ್ಟು ಪೂಜೆ ನಡೆಯಿತು. ಪ್ಲೇಗ್ ಮಾರಮ್ಮನಿಗೆ ಹೀಗೆ ಒಬ್ಬ ತಂಗಿ ಹುಟ್ಟಿದಳು.

ಹದಿಹರೆಯದವರ ಸರದಿ ಬಂದದ್ದು ತಡವಾಗಿ. 2022ರ ಜನವರಿ 3ರಂದು ದೇಶದಲ್ಲಿ 15ರಿಂದ 18 ವರ್ಷದೊಳಗಿನವರಿಗೆ ಲಸಿಕೆ ಶುರುವಾಯಿತು. 2007ರಲ್ಲಿ ಅಥವಾ ಅದಕ್ಕೆ ಮೊದಲು ಹುಟ್ಟಿದವರಿಗೆ ಕೋವ್ಯಾಕ್ಸಿನ್. ಬೆಂಗಳೂರಿನ ಹೈಸ್ಕೂಲು, ಪಿಯು ಕಾಲೇಜುಗಳಲ್ಲೇ ಮೇಜು ಹಾಕಿ ಚುಚ್ಚಿದರು. ಆನ್‌ಲೈನ್ ತರಗತಿಗಳಲ್ಲಿ ಎರಡು ವರ್ಷ ಕಳೆದ, ಮನೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕಳೆದುಕೊಂಡ ಹುಡುಗಿಯರು ಯೂನಿಫಾರ್ಮಿನ ತೋಳು ಮಡಚಿ ಕೂತರು. ಇಪ್ಪತ್ತೆಂಟು ದಿನಗಳ ಅಂತರವಿತ್ತು. ಜನವರಿಯ ಕೊನೆಗೆ ಅವರೇ ಎರಡನೇ ಡೋಸಿಗೆ ಮತ್ತೆ ಸಾಲು ನಿಂತರು.